ರಟ್ಟಿನ ಪಿಸ್ತೂಲಿನ ಜೊತೆ ಬಂದ ರೆಕಾರ್ಡು

1973ರಲ್ಲಿ ಇಟಲಿಯ ಮಿಲಾನ್ ನಗರದಿಂದ ಒಂದು ಎಲ್.ಪಿ. ರೆಕಾರ್ಡು ಹೊರಬಂತು. ಕೊಂಡವರು ಮನೆಗೆ ಹೋಗಿ ಲಕೋಟೆ ಬಿಚ್ಚಿದರೆ ಕಪ್ಪು ತಟ್ಟೆಯ ಜೊತೆಗೆ ಒಂದು ರಟ್ಟಿನ ಪಿಸ್ತೂಲೂ ಕೈಗೆ ಬರುತ್ತಿತ್ತು. ರೆಕಾರ್ಡಿನ ಹೆಸರು ಇನ್ನೂ ಕಸಿವಿಸಿ ಹುಟ್ಟಿಸುವಂಥದು: ‘ಆರ್ಬೈಟ್ ಮಾಖ್ಟ್ ಫ್ರೈ’. ‘ದುಡಿಮೆ ಬಿಡುಗಡೆ ನೀಡುತ್ತದೆ’ ಎಂಬರ್ಥದ ಈ ಜರ್ಮನ್ ಮಾತನ್ನು ನಾಜಿಗಳು ಆಷ್‌ವಿಟ್ಸ್ ಶಿಬಿರದ ಹೆಬ್ಬಾಗಿಲ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ಕೂರಿಸಿದ್ದರು. ಆಷ್‌ವಿಟ್ಸ್‌ನ ಶಿಬಿರಗಳಲ್ಲಿ ಸತ್ತವರು ಸುಮಾರು 11 ಲಕ್ಷ ಜನ. ಹಾಡು ಕೇಳಿಸಲು ಹೊರಟವರಿಗೆ ಇಂಥ ಹೆಸರೇಕೆ ಬೇಕಾಯಿತು? ಇಂಥ ಆಟಿಕೆಯಾದರೂ ಏಕೆ?

ತಂಡದ ಹೆಸರು ‘ಆರೆಯಾ’. ಆ ಕಾಲದಲ್ಲಿ ಇಟಲಿಯ ತರುಣರಿಗೆ ಪ್ರೋಗ್ರೆಸಿವ್ ರಾಕ್‌ನ ಹುಚ್ಚು. ಪಿ.ಎಫ್.ಎಂ., ಬಾಂಕೋ ಮೊದಲಾದ ತಂಡಗಳು ರಾಕ್ ಸಂಗೀತಕ್ಕೆ ಯುರೋಪಿನ ಶಾಸ್ತ್ರೀಯ ಸಂಗೀತದ ಗಾಂಭೀರ್ಯವನ್ನು ಬೆರೆಸುತ್ತಿದ್ದವು. ಆರೆಯಾ ಮುಖ ಮಾಡಿದ್ದು ಬೇರೆ ದಿಕ್ಕಿಗೆ. ಅಮೆರಿಕದ ಕರಿಯರ ಜಾಝ್, ಬಾಲ್ಕನ್ ನಾಡುಗಳ ಕುಣಿತದ ಲಯ, ಅರಬ್ ಛಾಯೆಯ ಸ್ವರಗಳು, ಜೊತೆಗೆ ಸಿಂಥಸೈಜರ್‌ನ ಕರ್ಕಶ ಸದ್ದು. ಹೀಗೆ ಬೆರೆಸಿದ್ದು ಚಪಲಕ್ಕಾಗಿ ಅಲ್ಲ. ತಂಡದ ಗಾಯಕ ದೆಮೆತ್ರಿಯೋ ಸ್ಟ್ರಾಟೋಸ್ ಹುಟ್ಟಿದ್ದೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, 1945ರಲ್ಲಿ, ತಂದೆತಾಯಿಗಳು ಗ್ರೀಕರು. ಸೈಪ್ರಸ್‌ನಲ್ಲಿ ಕೆಲಕಾಲ ಇದ್ದು, ವಾಸ್ತುಶಿಲ್ಪ ಓದಲೆಂದು 1962ರಲ್ಲಿ ಮಿಲಾನಿಗೆ ಬಂದವನು ಹಾಡುಗಾರನಾದ. 1967ರಲ್ಲಿ ‘ಇ ರಿಬೆಲ್ಲಿ’ ಎಂಬ ತಂಡದೊಡನೆ ಆತ ಹಾಡಿದ ‘ಪುನ್ಯಿ ಕ್ಯೂಸಿ’ ಮನೆಮಾತಾಯಿತು. ಅದೇ ದಾರಿಯಲ್ಲಿ ನಡೆದಿದ್ದರೆ ಆತ ಜನಪ್ರಿಯ ಗಾಯಕನಾಗಿ ಸುಖವಾಗಿರಬಹುದಿತ್ತು.

ರೆಕಾರ್ಡಿನ ಮೊದಲ ಹಾಡಿನ ಹೆಸರು ‘ಜುಲೈ, ಆಗಸ್ಟ್, ಸೆಪ್ಟೆಂಬರ್ (ಕಪ್ಪು)’. 1970ರ ಸೆಪ್ಟೆಂಬರಿನಲ್ಲಿ ಜೋರ್ಡನ್ನಿನ ಸೇನೆ ಪ್ಯಾಲೆಸ್ಟೀನಿ ಹೋರಾಟಗಾರರ ಮೇಲೆ ಬಿದ್ದಿತು. ಅದು ‘ಕಪ್ಪು ಸೆಪ್ಟೆಂಬರ್’ ಎನಿಸಿತು. ಅದೇ ಹೆಸರಿಟ್ಟುಕೊಂಡ ಗುಂಪೊಂದು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ 11 ಮಂದಿಯನ್ನು ಬಲಿ ತೆಗೆದುಕೊಂಡಿತು. ಹಾಡು ಶುರುವಾಗುವುದು ವಾದ್ಯದಿಂದಲ್ಲ, ಅರಬ್ಬಿಯಲ್ಲಿ ಮಾತನಾಡುವ ಹೆಣ್ಣಿನ ದನಿಯಿಂದ. ಆಕೆ ತನ್ನ ಪ್ರಿಯನಿಗೆ ಶಾಂತಿಯ ಮಾತು ಹೇಳುತ್ತಿದ್ದಾಳೆ. ಮಿಲಾನಿನ ಕೇಳುಗರಲ್ಲಿ ಎಷ್ಟು ಜನಕ್ಕೆ ಅದು ಅರ್ಥವಾಗಿದ್ದೀತು? ಬಳಿಕ ಬಾಲ್ಕನ್ ಜನಪದ ಧಾಟಿಯೊಂದು ನುಗ್ಗುತ್ತದೆ. ಎರಡು, ಎರಡು, ಮೂರು ಎಂದು ಮಾತ್ರೆಗಳನ್ನು ಕುಂಟಿಸಿ ಓಡಿಸುವುದು ಆ ನಾಡುಗಳ ಪದ್ಧತಿ. ನಾಲ್ಕರ ತಾಳಕ್ಕೆ ಒಗ್ಗಿದ ರಾಕ್ ಕೇಳುಗ ಅಲ್ಲೇ ಎಡವುತ್ತಾನೆ.

ಹೆಸರಿಗೂ ಪಿಸ್ತೂಲಿಗೂ ಕಾರಣಪುರುಷ ಜಾನ್ನಿ ಸಾಸ್ಸಿ. ಜಾಹೀರಾತಿನ ಕಸುಬಿನಿಂದ ಬಂದು ‘ಕ್ರಾಂಪ್ಸ್’ ಎಂಬ ಸಣ್ಣ ರೆಕಾರ್ಡ್ ಸಂಸ್ಥೆ ಕಟ್ಟಿದವನು. ‘ಫ್ರಾಂಕೆನ್‌ಸ್ಟೈನ್’ ಎಂಬ ಗುಪ್ತನಾಮದಲ್ಲಿ ಸಾಹಿತ್ಯ ಬರೆದವನೂ ಈತನೇ. ನಿತ್ಯದ ಕೂಲಿ ದುಡಿಮೆಯೂ ಒಂದು ಸೆರೆಮನೆಯೇ ಎಂಬುದು ಹೆಸರಿನ ವ್ಯಂಗ್ಯ. 1969ರ ಕಾರ್ಮಿಕ ಮುಷ್ಕರಗಳನ್ನು ಕಂಡ ಇಟಲಿಗೆ ಈ ಮಾತು ಹೊಸದಲ್ಲ. ಆದರೂ ಹೋಲಿಕೆ ಅತಿಯಾಯಿತು. ಕಾರ್ಖಾನೆಯವನು ಎಷ್ಟು ದಣಿದರೂ ಸಂಜೆ ಮನೆಗೆ ಹೋಗುತ್ತಾನೆ. ಆಷ್‌ವಿಟ್ಸ್‌ನಿಂದ ಬದುಕಿ ಬಂದ ತೂರಿನ್ನಿನ ಲೇಖಕ ಪ್ರೀಮೋ ಲೇವಿ ವರ್ಷಗಟ್ಟಲೆ ಬಣ್ಣದ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞನಾಗಿ ದುಡಿದ. 1978ರಲ್ಲಿ ಚೆನ್ನಾಗಿ ಮಾಡಿದ ಕೆಲಸದ ಸಂತೋಷವನ್ನು ಕುರಿತು ಒಂದು ಪುಸ್ತಕವನ್ನೇ ಬರೆದ. ಶಿಬಿರದ ದುಡಿಮೆ ಯಾವುದು, ಮನುಷ್ಯನ ದುಡಿಮೆ ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಿಸ್ತೂಲಿನ ಕಥೆ ಇನ್ನೂ ಕಹಿ. 1977ರ ಮೇ 14ರಂದು ಇದೇ ಮಿಲಾನಿನ ಬೀದಿಯೊಂದರಲ್ಲಿ ಮೆರವಣಿಗೆಯಿಂದ ಹಾರಿದ ಗುಂಡಿಗೆ ಪೊಲೀಸನೊಬ್ಬ ಸತ್ತ. ಮುಖಕ್ಕೆ ಬಟ್ಟೆ ಕಟ್ಟಿ, ಮೊಣಕಾಲು ಬಗ್ಗಿಸಿ, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಗುರಿಯಿಟ್ಟ ತರುಣನ ಛಾಯಾಚಿತ್ರ ಆ ವರ್ಷಗಳ ಗುರುತಾಗಿ ಉಳಿಯಿತು. ರಟ್ಟಿನ ತುಂಡಿನಿಂದಲೇ ಹೀಗಾಯಿತು ಎನ್ನುವುದು ಅನ್ಯಾಯ. 1969ರ ಡಿಸೆಂಬರಿನಲ್ಲೇ ಪಿಯಾತ್ಸಾ ಫೊಂತಾನಾದ ಬ್ಯಾಂಕಿನಲ್ಲಿ ಬಲಪಂಥೀಯರ ಬಾಂಬಿಗೆ 17 ಮಂದಿ ಬಲಿಯಾಗಿದ್ದರು. ಆದರೆ ಜಾಹೀರಾತಿನ ಜಾಣತನದಿಂದ ಹುಟ್ಟಿದ ಆಟಿಕೆ ನಾಲ್ಕೇ ವರ್ಷದಲ್ಲಿ ಆಟಿಕೆಯಾಗಿ ಕಾಣದೆ ಹೋಯಿತು.

ಹಾಗಾದರೆ ಈ ರೆಕಾರ್ಡಿನಲ್ಲಿ ಬಿಡುಗಡೆ ಎಂಬುದು ಎಲ್ಲಿದೆ? ಘೋಷಣೆಯಲ್ಲಲ್ಲ, ಸ್ಟ್ರಾಟೋಸ್‌ನ ಕಂಠದಲ್ಲಿ. ಎಳೆಯ ಮಗಳ ತೊದಲನ್ನು ಗಮನಿಸುತ್ತಿದ್ದ ಆತನಿಗೆ ಒಂದು ಸಂಗತಿ ಹೊಳೆಯಿತು: ಮಗುವಿನ ಬಾಯಿಂದ ಮೊದಲು ಬಗೆಬಗೆಯ ಸದ್ದು ಹೊರಡುತ್ತದೆ; ಮಾತು ಕೂಡಿಬಂದಂತೆ ಆ ಸದ್ದುಗಳೆಲ್ಲ ಉದುರಿಹೋಗುತ್ತವೆ. ಹಾಗೆ ಉದುರಿದ್ದನ್ನು ಆಯ್ದುಕೊಳ್ಳುವುದೇ ಆತನ ಸಾಧನೆಯಾಯಿತು. ಒಂದೇ ಉಸಿರಿನಲ್ಲಿ ಏಕಕಾಲಕ್ಕೆ ಎರಡೆರಡು ಸ್ವರ ಹೊರಡಿಸುವುದನ್ನು ರೂಢಿಸಿಕೊಂಡ. ಪದುವಾ ನಗರದ ಧ್ವನಿಶಾಸ್ತ್ರಜ್ಞರು ಉಪಕರಣಗಳನ್ನಿಟ್ಟು ಆ ಕಂಠವನ್ನು ಪರೀಕ್ಷಿಸಿದರು. 1976ರ ‘ಮೆತ್ರೊದೋರಾ’, 1978ರ ‘ಕಾಂತಾರೆ ಲಾ ವೋಚೆ’ ಎಂಬ ರೆಕಾರ್ಡುಗಳಲ್ಲಿ ಹಾಡೆಂಬುದೇ ಇಲ್ಲ, ಬರಿಯ ದನಿ. 1973ರ ತಟ್ಟೆಯಲ್ಲಿ ಇದು ಇನ್ನೂ ಮೊಳಕೆ. ಆದರೆ ಸಾಹಿತ್ಯ ಮುಗಿದ ಮೇಲೂ ಆತನ ಗಂಟಲು ನಿಲ್ಲದೆ, ಅಕ್ಷರವಿಲ್ಲದ ಸ್ವರ ಹಿಡಿದು ಮೇಲೇರುವ ಕಡೆಗಳಲ್ಲಿ ಅದು ಕಿವಿಗೆ ಬೀಳುತ್ತದೆ. ಸಾಸ್ಸಿಯ ವ್ಯಂಗ್ಯ ಹಳತಾಗಿದೆ. ಈ ದನಿ ಹಳತಾಗಿಲ್ಲ.

ಸ್ಟ್ರಾಟೋಸ್‌ನಿಗೆ ರಕ್ತ ಉತ್ಪತ್ತಿಯಾಗದ ಕಾಯಿಲೆ ಅಂಟಿತು. ನ್ಯೂಯಾರ್ಕಿನಲ್ಲಿ ಚಿಕಿತ್ಸೆ, ಅದರ ಖರ್ಚಿಗೆ ಹಣ ಕೂಡಿಸಲು ಸಂಗೀತಗಾರರು 1979ರ ಜೂನ್ 14ರಂದು ಮಿಲಾನಿನ ಅರೇನಾ ಕ್ರೀಡಾಂಗಣದಲ್ಲಿ ಕಛೇರಿ ಗೊತ್ತುಮಾಡಿದರು. ಹಿಂದಿನ ದಿನವೇ ಆತ ತೀರಿಕೊಂಡ. ವಯಸ್ಸು 34. ಕಛೇರಿ ನಿಲ್ಲಲಿಲ್ಲ, ಸಾವಿರಾರು ಜನ ಬಂದರು. ಆ ಸಂಜೆಯ ಸಂಗೀತವೂ ಎಲ್.ಪಿ.ಯಾಗಿ ಬಂತು. ಹೊರತಂದದ್ದು ಅದೇ ಕ್ರಾಂಪ್ಸ್.