ವಸ್ತುಸಂಗ್ರಹಾಲಯವನ್ನು ಓದುವುದು ಹೇಗೆ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)

 

ಶೈಕ್ಷಣಿಕ ಪ್ರವಾಸ ಮತ್ತು ವಸ್ತುಸಂಗ್ರಹಾಲಯಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ನನಗೆ ಹೇಳಿದ್ದಾರೆ. ನಾನು ಇತಿಹಾಸದ ವಿದ್ವಾಂಸಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಿಕ್ಷಕಿ. ಆದ್ದರಿಂದ ಒಂದು ಶಬ್ದದಿಂದಲೇ ಆರಂಭಿಸುತ್ತೇನೆ.

ಮ್ಯೂಸಿಯಂಗೆ ಉರ್ದುವಿನಲ್ಲಿ ಅಜಾಯಬ್ ಘರ್ ಎನ್ನುತ್ತಾರೆ. ಎಂದರೆ ಅಚ್ಚರಿಗಳ ಮನೆ. 1814ರಲ್ಲಿ ಏಷ್ಯಾಟಿಕ್ ಸೊಸೈಟಿಯವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ಇಂಡಿಯನ್ ಮ್ಯೂಸಿಯಂ ನಮ್ಮ ದೇಶದಲ್ಲೇ ಹಳೆಯದು. ಬಂಗಾಳದ ಜನ ಅದನ್ನು ಜಾದುಘರ್, ಎಂದರೆ ಮಾಯೆಯ ಮನೆ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ವಸ್ತುಸಂಗ್ರಹಾಲಯ ಎನ್ನುತ್ತೇವೆ. ಅಚ್ಚರಿಗಳ ಮನೆ ಎಂದುಕೊಂಡು ಹೋದವರು ಬೆರಗಾಗಿ ಬರುತ್ತಾರೆ. ವಸ್ತುಗಳ ಮನೆ ಎಂದುಕೊಂಡು ಹೋದವರು ಎಣಿಸಿ ಬರುತ್ತಾರೆ. ಇವೆರಡರಿಂದಲೂ ಮಕ್ಕಳಿಗೆ ಹೆಚ್ಚು ಲಾಭವಿಲ್ಲ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ 48 ಮಕ್ಕಳನ್ನು ಬೀದರಿನಿಂದ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್, ಎಂದರೆ ಮೀರ್ ಯೂಸುಫ್ ಅಲಿ ಖಾನರು ಮತ್ತು ಅವರ ಮನೆತನದ ಹಿರಿಯರು ಕೂಡಿಹಾಕಿದ ಸಂಗ್ರಹ ಅದು. ಅವರು 1949ರಲ್ಲಿ ತೀರಿಕೊಂಡರು. 1951ರ ಡಿಸೆಂಬರ್ 16ರಂದು ಅವರ ದಿವಾನ್ ದೇವಡಿಯಲ್ಲೇ ಜವಾಹರಲಾಲ್ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1968ರಲ್ಲಿ ಅದು ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಇವೆಲ್ಲವನ್ನೂ ನಾನು ಬಸ್ಸಿನಲ್ಲೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ.

ಒಳಗೆ ನಮಗಿದ್ದದ್ದು ಒಂದೂವರೆ ಗಂಟೆ. "ಸಾಲು ಬಿಡಬೇಡಿ, ಮುಂದೆ ನಡೆಯಿರಿ" ಎಂದು ಕೂಗುವುದರಲ್ಲೇ ನನ್ನ ಸಮಯ ಕಳೆಯಿತು. ಇಟಲಿಯ ಶಿಲ್ಪಿ ಬೆಂಜೋನಿ 1876ರಲ್ಲಿ ಕೆತ್ತಿದ 'ಮುಸುಕಿನ ರೆಬೆಕಾ' ಪ್ರತಿಮೆಯ ಮುಂದೆ ಅರ್ಧ ನಿಮಿಷ. ಪ್ರತಿ ಗಂಟೆಗೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಇಪ್ಪತ್ತು ನಿಮಿಷ. ಮರುದಿನ ತರಗತಿಯಲ್ಲಿ ಪ್ರಬಂಧ ಬರೆಸಿದೆ. ಹೆಚ್ಚುಕಡಿಮೆ ಎಲ್ಲರೂ ಗಡಿಯಾರದ ಬಗ್ಗೆಯೇ ಬರೆದಿದ್ದರು. ಒಬ್ಬ ಹುಡುಗ, "ಅಲ್ಲಿ ಬಹಳ ವಸ್ತುಗಳಿದ್ದವು, ಎಲ್ಲವೂ ಹಳೆಯವು" ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದ. ಅವನಿಗೆ ಕಡಿಮೆ ಅಂಕ ಕೊಟ್ಟೆ. ಈಗ ಯೋಚಿಸಿದರೆ ಆ ಅಂಕ ನನಗೇ ಸಲ್ಲಬೇಕಾಗಿತ್ತು.

ಅದೇ ದಿನ ಏಳನೆಯ ತರಗತಿಯ ಒಬ್ಬಳು ಹುಡುಗಿ ಕೇಳಿದಳು: "ಟೀಚರ್, ಅಲ್ಲಿದ್ದದ್ದರಲ್ಲಿ ನಮ್ಮದು ಯಾವುದು?" ನನಗೆ ಉತ್ತರ ಹೊಳೆಯಲಿಲ್ಲ. ನವಾಬರ ಸಾಮಾನು ಅವಳದೇ? ಇಟಲಿಯ ಶಿಲ್ಪ ಅವಳದೇ? ನಂತರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಇವತ್ತಿನ ನನ್ನ ಮಾತು ಒಂದು ರೀತಿಯಲ್ಲಿ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಎರಡನೆಯ ಸಲ ಹೋಗುವ ಮೊದಲು ನಾನೊಬ್ಬಳೇ ಹೋಗಿ ನೋಡಿ ಬಂದೆ. ಮಕ್ಕಳ ಸಂಖ್ಯೆಯನ್ನು 25ಕ್ಕೆ ಇಳಿಸಿದೆವು. ಎಲ್ಲವನ್ನೂ ನೋಡಬೇಕೆಂಬ ಹಟ ಬಿಟ್ಟೆವು. ಪ್ರತಿಯೊಬ್ಬರೂ ಮೂರೇ ಮೂರು ವಸ್ತುಗಳನ್ನು ಆರಿಸಿಕೊಳ್ಳಬೇಕು, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಬೇಕು, ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಇದನ್ನು ಯಾವುದರಿಂದ ಮಾಡಿದ್ದಾರೆ? ಯಾರು ಮಾಡಿದರು? ಯಾರು ಬಳಸಿದರು? ಇಲ್ಲಿಗೆ ಹೇಗೆ ಬಂತು? ಇಷ್ಟೇ.

ಆ ದಿನ ಬಿದರಿ ಸಾಮಾನುಗಳ ಕಪಾಟಿನ ಮುಂದೆ ಒಬ್ಬ ಹುಡುಗ ನಿಂತವನು ಕದಲಲೇ ಇಲ್ಲ. ಹುಕ್ಕಾದ ತಳದ ಪಾತ್ರೆಯನ್ನು ತೋರಿಸಿ, "ಟೀಚರ್, ಯೇ ತೋ ಹಮಾರೇ ದಾದಾ ಬನಾತೇ ಥೇ" ಎಂದ. ಇಂಥದ್ದನ್ನು ನಮ್ಮ ಅಜ್ಜ ಮಾಡುತ್ತಿದ್ದರು ಎಂದು. ಉಳಿದ ಮಕ್ಕಳೆಲ್ಲ ಅವನ ಸುತ್ತ ಸೇರಿದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಉಳಿಯಿಂದ ಚಿತ್ತಾರ ಕೊರೆಯುವುದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುವುದು, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸುವುದು. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇದನ್ನೆಲ್ಲ ಅವನು ಹೇಳಿದ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಅವನ ತಂದೆ ಈ ಕಸುಬು ಬಿಟ್ಟು ಆಟೋ ಓಡಿಸುತ್ತಾರೆ.

ತನ್ನ ನೋಟ್‌ಬುಕ್ಕಿನಲ್ಲಿ ಎರಡನೆಯ ಪ್ರಶ್ನೆಯ ಮುಂದೆ ಅವನು ಬರೆದದ್ದು ಹೀಗಿತ್ತು: "ಚೀಟಿಯಲ್ಲಿ ಬೀದರ್ ಎಂದು ಇದೆ. ಮಾಡಿದವರ ಹೆಸರು ಇಲ್ಲ." ಸಂಗ್ರಹಾಲಯಗಳಲ್ಲಿ ಕೂಡಿಟ್ಟವರ ಹೆಸರು ಇರುತ್ತದೆ, ಬಳಸಿದ ರಾಜರ ಹೆಸರು ಇರುತ್ತದೆ. ಕೈಯಿಂದ ಮಾಡಿದವರ ಹೆಸರು ಬಹಳ ಅಪರೂಪ. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನನಗೆ ಆ ಹುಡುಗನ ಸಾಲು ನೆನಪಾಯಿತು. ಒಂದು ಹೆಸರಾದರೂ ದೇಶಕ್ಕೆ ಗೊತ್ತಾಯಿತಲ್ಲ ಎಂದು ಸಮಾಧಾನವಾಯಿತು.

ಇನ್ನು ವಿಜಯಪುರದ ಮಾತು. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಲ್ಲೇ ಆರಂಭವಾದ ವಸ್ತುಸಂಗ್ರಹಾಲಯವಿದೆ. ಗುಮ್ಮಟದೊಳಗೆ ಕೂಗಿ ಪ್ರತಿಧ್ವನಿ ಕೇಳಲು ಹೋದವರಲ್ಲಿ ಅನೇಕರು ಇದರ ಮೆಟ್ಟಿಲು ಹತ್ತುವುದಿಲ್ಲ. ಒಳಗೆ ವೀರಗಲ್ಲುಗಳು, ಜೈನ ತೀರ್ಥಂಕರರ ಶಿಲ್ಪಗಳು, ಅರಬ್ಬಿ, ಪಾರಸಿ, ಕನ್ನಡ ಮತ್ತು ಸಂಸ್ಕೃತದ ಶಾಸನಗಳು ಇವೆ. ಹಸ್ತಪ್ರತಿಗಳು, ಚೀನೀ ಪಿಂಗಾಣಿ, ರತ್ನಗಂಬಳಿಗಳೂ ಇವೆ. ಎಲ್ಲವೂ ಒಂದೇ ಸೂರಿನಡಿಯಲ್ಲಿ.

ಅಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಾರಸಿ ಶಾಸನವೊಂದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಕ್ಷರಗಳು ಬಳ್ಳಿಯಂತೆ ಹೆಣೆದುಕೊಂಡಿದ್ದವು. ಬೇರೆ ಊರಿನಿಂದ ಬಂದಿದ್ದ ಹಿರಿಯರೊಬ್ಬರು, "ಏನ ಬರದಾರವ್ವಾ ಇದರಾಗ?" ಎಂದು ಅವಳನ್ನು ಕೇಳಿದರು. "ಅಲಿಫ್ ಕಾಣ್ತದರಿ, ಲಾಮ್ ಕಾಣ್ತದ, ಮುಂದ ಓದಲಿಕ್ಕೆ ಬರವಲ್ದು" ಎಂದಳು. ಅವರು ನಕ್ಕು ಪಕ್ಕದ ಹಳಗನ್ನಡದ ಕಲ್ಲನ್ನು ತೋರಿಸಿ, "ನಂದೂ ಇದರಾಗ ಅಷ್ಟ ನೋಡವ್ವಾ" ಎಂದರು. ಆಮೇಲೆ ಇಬ್ಬರೂ ಎರಡೂ ಕಲ್ಲುಗಳಲ್ಲಿ ಗೊತ್ತಿರುವ ಅಕ್ಷರಗಳನ್ನು ಹುಡುಕತೊಡಗಿದರು. ನಾನು ಎಷ್ಟೋ ಪಾಠ ಮಾಡಿದ್ದೇನೆ, ಅಂಥದ್ದನ್ನು ಮಾಡಿಲ್ಲ.

ಈ ಊರನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನೌರಸ್' ಎಂಬ ಗೀತೆಗಳ ಪುಸ್ತಕವನ್ನು ಬರೆದದ್ದು ನಾವು ಮನೆಯಲ್ಲಿ ಆಡುವ ದಖನಿಯ ಹಳೆಯ ರೂಪದಲ್ಲಿ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ. ಗುಲ್ಬರ್ಗಾದ ಬಂದೇ ನವಾಜರ ಸ್ತುತಿಯೂ ಇದೆ. ಮುಂಬಯಿಗೆ ಹೋದರೆ 1922ರಲ್ಲಿ ಜನರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯವನ್ನು ನೋಡಿ. ಒಳಗೆ ಹೋಗುವ ಮೊದಲು ತಲೆಯೆತ್ತಿ ಅದರ ಗುಮ್ಮಟವನ್ನು ನೋಡಿ. ಜಾರ್ಜ್ ವಿಟೆಟ್ ಎಂಬ ಸ್ಕಾಟಿಷ್ ವಾಸ್ತುಶಿಲ್ಪಿ ಅದಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಗೋಳಗುಮ್ಮಟವನ್ನು.

ಹಾಗಾದರೆ ನಮ್ಮದು ಯಾವುದು? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕದ್ದು ದೆಹಲಿಯಲ್ಲಿ. ಒಂದು ಬೇಸಿಗೆ ರಜೆಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಮೊಹೆಂಜೊದಾರೊದ ಕಂಚಿನ ನರ್ತಕಿಯನ್ನು ಪಠ್ಯಪುಸ್ತಕದಲ್ಲಿ ನೋಡಿದವಳಾದ್ದರಿಂದ ದೊಡ್ಡ ಮೂರ್ತಿಯನ್ನೇ ಹುಡುಕುತ್ತಿದ್ದೆ. ಅದರ ಎತ್ತರ ಹತ್ತೂವರೆ ಸೆಂಟಿಮೀಟರ್ ಮಾತ್ರ. ಅಂಗೈಯಲ್ಲಿ ನಿಲ್ಲಿಸಬಹುದು. ಪುಸ್ತಕದ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ವಸ್ತುವಿನ ಅಳತೆಯನ್ನು ತಿಳಿಸುವುದಿಲ್ಲ. ಅದಕ್ಕೇ ಕಣ್ಣಾರೆ ನೋಡಬೇಕು ಎನ್ನುವುದು.

ಅಲ್ಲಿ ತಿಳಿದ ಇನ್ನೊಂದು ಸಂಗತಿ ಇದು. 1947ರಲ್ಲಿ ವಿಭಜನೆಯಾದಾಗ ಮೊಹೆಂಜೊದಾರೊ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿ ಅಗೆದು ತೆಗೆದ ವಸ್ತುಗಳನ್ನೂ ಎರಡು ದೇಶಗಳು ಹಂಚಿಕೊಂಡವು. ನರ್ತಕಿ ದೆಹಲಿಯಲ್ಲಿ ಉಳಿದಳು. ಪಠ್ಯಗಳಲ್ಲಿ 'ಪುರೋಹಿತ ರಾಜ' ಎಂದು ಬರುವ ಗಡ್ಡದ ಮೂರ್ತಿ ಕರಾಚಿಯಲ್ಲಿದೆ. ಚಿನ್ನ ಮತ್ತು ಕಲ್ಲಿನ ಮಣಿಗಳ ಒಂದು ಹಾರವನ್ನಂತೂ ಬಿಚ್ಚಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಪಾಲು ಮಾಡಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಆ ಹಾರವನ್ನು ಧರಿಸಿದ್ದವರು ಯಾವ ದೇಶದವರು? ಅವರ ಕಾಲಕ್ಕೆ ಈ ಎರಡು ಹೆಸರುಗಳೇ ಇರಲಿಲ್ಲ. ಇದು ನಮ್ಮದು, ಅದು ಅವರದು ಎಂದು ಹಂಚುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಅರ್ಧ ಹಾರ.

ಆ ಹುಡುಗಿಗೆ ಈಗ ಹೇಳುತ್ತೇನೆ: ಮಗಳೇ, ಅಲ್ಲಿರುವುದೆಲ್ಲ ನಿನ್ನದು. ಕಲ್ಕತ್ತೆಯಲ್ಲಿರುವ ಭಾರ್ಹುತ್ ಸ್ತೂಪದ ಕಲ್ಲಿನ ಕಟಕಟೆಯೂ ನಿನ್ನದು, ಸಾಲಾರ್ ಜಂಗ್‌ನಲ್ಲಿರುವ, ಇಲ್ತುಮಿಶ್ ಸುಲ್ತಾನನ ಹೆಸರು ಕೊರೆದ ಹಸಿರು ಜೇಡ್ ಕಲ್ಲಿನ ರೇಹಲ್ ಕೂಡ ನಿನ್ನದು, ವಿಜಯಪುರದ ತೀರ್ಥಂಕರನೂ ನಿನ್ನವನೇ. ಆದರೆ ನಮ್ಮದು ಎಂದರಷ್ಟೇ ಸಾಲದು. ಅದರ ಮುಂದೆ ನಿಂತು ಓದಿ ತಿಳಿದುಕೊಳ್ಳಬೇಕು.

ಓದಬೇಕು ಎಂದೆನಲ್ಲ, ಕಲೆಯ ಸಂಗ್ರಹಾಲಯಕ್ಕೂ ಅದು ಅನ್ವಯಿಸುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಿಂದ ಹೆಸರಾದ, ಕೈಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರ ನಿಮಗೆಲ್ಲ ಗೊತ್ತು. ಎಷ್ಟೋ ಮನೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಇದೆ. ರಾಜಾ ರವಿವರ್ಮ ಬರೆದದ್ದು ಎಂದು ಅನೇಕರು ಹೇಳುತ್ತಾರೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಆದರೆ ಅದನ್ನು ಬರೆದವರು ಎಸ್. ಎಲ್. ಹಳದಣಕರ್. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು, ಈ ಚಿತ್ರ 1940ರ ದಶಕದ್ದು. ದೀಪ ಹಿಡಿದು ನಿಂತವರು ಚಿತ್ರಕಾರರ ಸ್ವಂತ ಮಗಳು ಗೀತಾ. ಚಿತ್ರದ ಕೆಳಗಿನ ಹೆಸರನ್ನು ಓದುವ ಸಣ್ಣ ಅಭ್ಯಾಸವಿದ್ದರೆ ಸಾಕು, ಊರೆಲ್ಲ ಹೇಳುವ ತಪ್ಪು ತಿದ್ದಿಕೊಳ್ಳುತ್ತದೆ.

ಮಗಳ ಮಾತು ಬಂದದ್ದರಿಂದ ಪೋಷಕರಿಗೆ ಒಂದು ವಿನಂತಿ. ನಮ್ಮ ಮೊದಲ ಪ್ರವಾಸದ 48 ಮಕ್ಕಳಲ್ಲಿ ಹೆಣ್ಣುಮಕ್ಕಳು 9 ಮಾತ್ರ. ತರಗತಿಯಲ್ಲಿ ಅವರೇ ಹೆಚ್ಚು. ರಾತ್ರಿ ಬರುವುದು ತಡವಾಗುತ್ತದೆ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ನೀವು ಕಳಿಸಲಿಲ್ಲ. ನಿಮ್ಮ ಆತಂಕ ನನಗೆ ತಿಳಿಯುತ್ತದೆ, ನಾನೂ ಹೆಣ್ಣುಮಗಳ ತಾಯಿ. ಎರಡನೆಯ ಸಲ ತಾಯಂದಿರನ್ನೂ ಕರೆದೆವು. ನಾಲ್ವರು ಬಂದರು. ಜರಿ ಕೆಲಸದ ಬಟ್ಟೆಗಳ ಮುಂದೆ ಒಬ್ಬರು ತಾಯಿ ಮಕ್ಕಳಿಗೆ ಹೊಲಿಗೆಯ ಬಗೆಗಳನ್ನು ಬಿಡಿಸಿ ಹೇಳಿದರು. ಅದು ನನಗೆ ಬಾರದ ಪಾಠ. ಆ ಸಲ 25ರಲ್ಲಿ ಹೆಣ್ಣುಮಕ್ಕಳು 14. ಮಕ್ಕಳನ್ನು ಕಳಿಸಲು ಮನಸ್ಸಾಗದಿದ್ದರೆ ನೀವೇ ಜೊತೆಗೆ ಬನ್ನಿ.

ಕೆಲವು ಉಪಯುಕ್ತ ಸೂಚನೆಗಳು. ಹೊರಡುವ ಮೊದಲು ವಾರದ ರಜೆ ವಿಚಾರಿಸಿ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, ಬೇಸಿಗೆ ರಜೆಯಲ್ಲೇ ಬರುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳೀಯ ಸಂಗ್ರಹಾಲಯಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಶಿಕ್ಷಕರು ಮೊದಲೊಮ್ಮೆ ತಾವೇ ಹೋಗಿ ನೋಡಿ ಬರಬೇಕು. ಮಕ್ಕಳ ಕೈಯಲ್ಲಿ ಮೊಬೈಲಿಗಿಂತ ಪೆನ್ಸಿಲ್ ಮತ್ತು ಖಾಲಿ ಹಾಳೆ ಇರಲಿ. ನೋಡಿ ಬಿಡಿಸಿದ ಚಿತ್ರ ಸೊಟ್ಟಗಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ.

ಸಂಘದ ಹಿರಿಯರಲ್ಲಿ ಕೊನೆಯ ಕೋರಿಕೆ. ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತೀರಿ, ನೋಟ್‌ಬುಕ್ ಹಂಚುತ್ತೀರಿ. ಅದರ ಜೊತೆಗೆ ವರ್ಷಕ್ಕೊಂದು ಬಸ್ಸನ್ನೂ ಕೊಡಿ. ಬಡವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಅದರಲ್ಲಿ ಮೊದಲು ಹತ್ತಲಿ. ಪ್ರಶ್ನೆ ಕೇಳಿದ ಆ ಹುಡುಗಿ ಮೊದಲ ಪ್ರವಾಸಕ್ಕೆ ಬಂದ ಒಂಬತ್ತು ಜನರಲ್ಲಿ ಒಬ್ಬಳು. ಮನೆಯಲ್ಲೇ ಉಳಿದವರಲ್ಲಿ ಇನ್ನೆಷ್ಟು ಪ್ರಶ್ನೆಗಳಿವೆಯೋ ನಮಗೆ ಗೊತ್ತಿಲ್ಲ.