ಅಂಗಳದ ಡೇರೆ



ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಒಂದು ಹೂವಿನ ವಿಷಯ. ಆದರೆ ಆ ಹೂವಿನ ಬಳಿಗೆ ಹೋಗುವುದಕ್ಕೆ ಮುಂಚೆ, ಇನ್ನೊಂದು ಹೂವಿನ ಕೈಯಲ್ಲಿ ನಾನು ಸೋತ ಕಥೆಯನ್ನು ಹೇಳಬೇಕಾಗಿದೆ.

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವರಿಗೆ ಒಂದು ದೌರ್ಬಲ್ಯವುಂಟು. ತಾವು ಎಂದೂ ಕಣ್ಣಾರೆ ಕಾಣದ ಹೂಗಳ ಹೆಸರುಗಳನ್ನು ಬಾಯಿ ತುಂಬ ಹೇಳುತ್ತಿರುತ್ತಾರೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಹೇಳಿದೆ. ಕೊನೆಗೆ ಒಂದನ್ನಾದರೂ ಬೆಳೆಸಿ ನೋಡಬೇಕೆಂಬ ಆಸೆ ಹುಟ್ಟಿತು. ಆರಿಸಿಕೊಂಡದ್ದು ಐರಿಸ್ ಹೂವನ್ನು. ಅದರಲ್ಲಿಯೂ ಗಡ್ಡವಿರುವ ಜಾತಿಯನ್ನು. ಗಡ್ಡವೆಂದರೆ ಗಾಬರಿಯಾಗಬೇಕಾದುದಿಲ್ಲ. ಈ ಹೂವಿನ ಮೂರು ಎಸಳುಗಳು ಮೇಲಕ್ಕೆ ನಿಲ್ಲುತ್ತವೆ, ಮೂರು ಕೆಳಕ್ಕೆ ಇಳಿಬೀಳುತ್ತವೆ. ಇಳಿಬಿದ್ದ ಎಸಳಿನ ನಡುವೆ ಮೃದುವಾದ ರೋಮಗಳ ಒಂದು ಸಾಲು ಇರುತ್ತದೆ. ಮಕರಂದಕ್ಕೆ ಬರುವ ದುಂಬಿಗೆ ಅದು ದಾರಿ ತೋರುವ ಗುರುತು. ಗ್ರೀಕರು ಕಾಮನಬಿಲ್ಲಿನ ದೇವತೆಗೆ ಐರಿಸ್ ಎಂದು ಹೆಸರಿಟ್ಟಿದ್ದರು. ಬಣ್ಣಗಳ ವೈಭವದಿಂದ ಈ ಹೂವಿಗೂ ಆ ಹೆಸರೇ ಬಂದಿತು.

ಉತ್ತರದ ಗುಡ್ಡಗಾಡಿನ ಊರೊಂದರಿಂದ ಆರು ಗೆಡ್ಡೆಗಳನ್ನು ತರಿಸಿ, ಬಿಸಿಲು ಚೆನ್ನಾಗಿ ಬೀಳುವ ಸ್ಥಳ ಬೇಕೆಂದು ನನ್ನ ದೊಡ್ಡಮ್ಮನ ಮನೆಯ ಅಂಗಳಕ್ಕೆ ಕೊಂಡೊಯ್ದೆ. ಆ ಮನೆಯಿರುವುದು ಶಿರಸಿಯಿಂದ ಬನವಾಸಿಗೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿ. ಪುಸ್ತಕ ಹೇಳಿದಂತೆಯೇ ಗೆಡ್ಡೆಯ ಬೆನ್ನು ಮಣ್ಣಿನಿಂದ ಹೊರಗೆ ಕಾಣುವ ಹಾಗೆ ನೆಟ್ಟೆ. ದೊಡ್ಡಮ್ಮ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದವಳು, “ಇದು ಬೆನ್ನು ಕಾಯಿಸಿಕೊಳ್ಳುವ ಜಾತಿಯೇನೊ? ಹಾಗಾದರೆ ನಮ್ಮ ಮಳೆಗೆ ಏನು ಮಾಡೀತು?” ಎಂದಳು. ನಾನು ನಕ್ಕೆ. ಆಷಾಢ ಕಳೆಯುವ ಹೊತ್ತಿಗೆ ಆರು ಗೆಡ್ಡೆಗಳೂ ಕೊಳೆತು ನಾರುತ್ತಿದ್ದುವು.

ದೊಡ್ಡಮ್ಮ ಒಂದು ನೋಟದಲ್ಲಿ ಕಂಡುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಗಡ್ಡದ ಐರಿಸಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅಷ್ಟೇ ಅಲ್ಲ, ಬೇಸಗೆಯಲ್ಲಿ ಅದರ ಗೆಡ್ಡೆ ಒಣನೆಲದಲ್ಲಿ ಕಾಯಬೇಕು, ಚಳಿಗಾಲದಲ್ಲಿ ಕೊರೆಯುವ ಚಳಿಯನ್ನು ಉಣ್ಣಬೇಕು. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ಈ ಹೂವನ್ನು ನೆಡುವ ವಾಡಿಕೆಯಿದೆ. ಅಲ್ಲಿ ಅದು ತಾನಾಗಿಯೇ ಹಬ್ಬಿಕೊಂಡು ಬಾಳುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಅದರ ಬಹುಭಾಗ ಬೀಳುವುದು, ಐರಿಸ್ ಒಣಗಿ ವಿಶ್ರಮಿಸಬೇಕೆಂದು ಬಯಸುವ ತಿಂಗಳುಗಳಲ್ಲಿ. ಬಿಸಿಲುಳ್ಳ ಅಂಗಳವೊಂದಿದ್ದರೆ ಸಾಲದು. ಬಿಸಿಲು ಯಾವ ತಿಂಗಳಲ್ಲಿ, ಮಳೆ ಯಾವ ತಿಂಗಳಲ್ಲಿ ಎಂಬುದೇ ಗಿಡದ ಜಾತಕ.

ನನ್ನ ಗೆಡ್ಡೆಗಳು ಕೊಳೆಯುತ್ತಿದ್ದ ಆ ದಿನಗಳಲ್ಲಿಯೇ, ಅದೇ ಅಂಗಳದ ಇನ್ನೊಂದು ಅಂಚಿನಲ್ಲಿ ಎದೆಮಟ್ಟದ ಗಿಡಗಳು ತಟ್ಟೆಯಗಲದ ಹೂಗಳನ್ನು ಹೊತ್ತು ನಿಂತಿದ್ದುವು: ಹಳದಿ, ಕೇಸರಿ, ನೇರಳೆ, ಹಾಲುಬಿಳುಪು, ಕಪ್ಪಿಗೆ ತಿರುಗಿದ ಕೆಂಪು. ಇದು ನಾವು ಪೇಟೆಯಲ್ಲಿ ಡೇಲಿಯಾ ಎನ್ನುವ ಹೂವು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹೆಂಗಸರು ಇದನ್ನು ಡೇರೆ ಎಂದು ಕರೆಯುತ್ತಾರೆ. ಪರದೇಶದ ಹೆಸರೊಂದು ನಮ್ಮ ನಾಲಗೆಯ ಮೇಲೆ ಸವೆದು ನಯವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಪರದೇಶದ್ದು ಎಂದೆ. ಹತ್ತನೆಯ ಶತಮಾನದಲ್ಲಿ ಪಂಪನು ಬನವಾಸಿಯನ್ನು ನೆನೆದು ಹಂಬಲಿಸಿದಾಗ ಅವನ ನೆನಪಿನಲ್ಲಿ ಮಲ್ಲಿಗೆಯಿತ್ತು, ಸಂಪಗೆಯಿತ್ತು. ಡೇರೆ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಡೇರೆಯ ತವರು ಮೆಕ್ಸಿಕೋ ದೇಶದ ಎತ್ತರದ ಬೆಟ್ಟನಾಡು. ಅಲ್ಲಿಂದ ಅದರ ಬೀಜಗಳು ಸ್ಪೇನಿನ ಮ್ಯಾಡ್ರಿಡ್ ನಗರದ ರಾಜೋದ್ಯಾನಕ್ಕೆ ಬಂದುದು 1789ರ ಸುಮಾರಿನಲ್ಲಿ. ಆ ಉದ್ಯಾನದ ಕವಾನಿಲ್ಲೆಸ್ ಎಂಬ ಪಂಡಿತನು 1791ರಲ್ಲಿ, ಲಿನೇಯಸ್ಸನ ಶಿಷ್ಯನಾದ ಸ್ವೀಡನ್ನಿನ ಆಂಡರ್ಸ್ ದಾಲ್ ಎಂಬುವನ ನೆನಪಿಗಾಗಿ ಅದಕ್ಕೆ ಹೆಸರಿಟ್ಟನು. ಇಂಗ್ಲೆಂಡಿಗೆ ಮೊದಲು ಹೋದ ಗಿಡಗಳು ಉಳಿಯಲಿಲ್ಲ. 1804ರಲ್ಲಿ ಲೇಡಿ ಹಾಲೆಂಡ್ ಎಂಬಾಕೆ ಮ್ಯಾಡ್ರಿಡ್ಡಿನಿಂದ ಮತ್ತೆ ಬೀಜ ಕಳುಹಿಸಿದ ಮೇಲೆಯೇ ಅಲ್ಲಿ ಬೇರೂರಿತು. 1963ರಲ್ಲಿ ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು.

ಐರಿಸ್ ಒಲ್ಲದ ಅಂಗಳವನ್ನು ಡೇರೆ ಒಪ್ಪಿಕೊಂಡುದೇಕೆ? ಅದರ ತವರಿನ ಪಂಚಾಂಗವನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಮೆಕ್ಸಿಕೋದ ಬೆಟ್ಟಗಳಲ್ಲಿಯೂ ಮಳೆ ಬರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಮಳೆಗೆ ಎಚ್ಚತ್ತು, ಮಳೆಯ ಕೊನೆಗೆ ಹೂಬಿಟ್ಟು, ಹಗಲು ಕಿರಿದಾಗುತ್ತ ಬಂದಂತೆ ಆಹಾರವನ್ನೆಲ್ಲ ಬೇರಿಗಿಳಿಸಿ, ಒಣಗಾಲವನ್ನು ನೆಲದೊಳಗೆ ಮಲಗಿ ಕಳೆಯುವುದು ಡೇರೆಯ ಹುಟ್ಟುಗುಣ. ನಮ್ಮ ಮಲೆನಾಡಿನ ವರ್ಷವೂ ಹಾಗೆಯೇ ನಡೆಯುತ್ತದೆಯಷ್ಟೆ. ಮನೆಯ ದಿನಚರಿಯೂ ಇದಕ್ಕೆ ಹೊಂದಿಕೊಂಡಿತು. ಕಣಿವೆಯ ಅಡಕೆ ತೋಟದಲ್ಲಿ ಸದಾ ನೆರಳು. ಬಿಸಿಲು ಕಾಣುವುದು ಅಂಗಳದಲ್ಲಿ ಮಾತ್ರ. ಕೊಯ್ಲಾದ ಮೇಲೆ ಆ ಅಂಗಳ ಅಡಕೆ ಒಣಗಿಸುವುದಕ್ಕೆ ಬೇಕು. ಅಡಕೆಗೆ ಬೇಡವಾದ ಮಳೆಯ ತಿಂಗಳುಗಳಲ್ಲಿ ಅಂಗಳದ ಅಂಚು ಹೆಂಗಸರದು. ಗಂಡಸರ ಬೆಳೆಗೂ ಹೆಂಗಸರ ಹೂವಿಗೂ ಒಂದೇ ಬಿಸಿಲು ಸರದಿಯಂತೆ ಸಂದಿತು.

ಬೆಳೆಸುವ ಕ್ರಮವನ್ನು ದೊಡ್ಡಮ್ಮನಿಂದ ಕಲಿತಂತೆ ಹೇಳುತ್ತೇನೆ. ಮೇ ತಿಂಗಳ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದಾಗ, ಇಳಿಜಾರಿನಲ್ಲಿ ಏರಿ ಕಟ್ಟಿ, ಹಳೆಯ ಕೊಟ್ಟಿಗೆಗೊಬ್ಬರವನ್ನೂ ಮರಳನ್ನೂ ಬೆರಸಿ, ಗೆಡ್ಡೆಯನ್ನು ನಾಲ್ಕೈದು ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ನೀರು ಹರಿಯಲಿ, ನಿಲ್ಲದಿರಲಿ. ಊರೆಗೋಲನ್ನು ಅಂದೇ ನೆಡಬೇಕು. ಆಮೇಲೆ ನೆಟ್ಟರೆ ಗೆಡ್ಡೆಯ ಹೊಟ್ಟೆಗೆ ಇರಿದಂತಾಗುತ್ತದೆ. ಮೊಳಕೆ ಕಾಣುವ ತನಕ ಕೊಡದಿಂದ ನೀರೆರೆಯಬಾರದು. ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ದೊಡ್ಡ ಹೂ ಬೇಕಾದವರು ನಡುವಿನ ಮೊಗ್ಗನ್ನುಳಿಸಿ ಪಕ್ಕದ ಮೊಗ್ಗುಗಳನ್ನು ತೆಗೆಯಬೇಕು. ದಂಟು ಟೊಳ್ಳಾದುದರಿಂದ ಗಾಳಿಮಳೆಗೆ ಮುರಿಯುತ್ತದೆ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಶ್ರಾವಣದಿಂದ ನವರಾತ್ರಿಯವರೆಗೆ ದೇವರಿಗೂ ಜಡೆಗೂ ಹೂವಿಗೆ ಕೊರತೆಯಿರುವುದಿಲ್ಲ.

ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ನಿಜವಾದ ತೋಟಗಾರಿಕೆ ಇರುವುದು ಹೂ ಮುಗಿದ ಮೇಲೆ. ಎಲೆ ಹಳದಿಯಾದ ಮೇಲೆ ಗೇಣುದ್ದ ದಂಟನ್ನುಳಿಸಿ ಗೆಡ್ಡೆಯನ್ನು ಕೀಳಬೇಕು. ನೆರಳಿನಲ್ಲಿ ಆರಿಸಿ, ಒಣಮರಳಿನಲ್ಲಿಯೋ ಬೂದಿಯಲ್ಲಿಯೋ ಹೂತು, ತಂಪಾದ ಮೂಲೆಯಲ್ಲಿ ಆರೇಳು ತಿಂಗಳು ಕಾಯಬೇಕು. ತೇವ ಹೆಚ್ಚಿದರೆ ಕೊಳೆಯುತ್ತದೆ, ಒಣಗಿದರೆ ಸುರುಟುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆಲೂಗೆಡ್ಡೆಯಂತೆ ಇದರ ಮೈಮೇಲೆಲ್ಲ ಕಣ್ಣುಗಳಿರುವುದಿಲ್ಲ; ಕಣ್ಣಿರುವುದು ಹಳೆಯ ದಂಟಿಗೆ ಅಂಟಿಕೊಂಡ ಕೊರಳಿನಲ್ಲಿ ಮಾತ್ರ. ಪಾಲು ಮಾಡುವಾಗ ಕೊರಳು ಮುರಿದರೆ, ಎಷ್ಟು ದಪ್ಪನಾದ ಗೆಡ್ಡೆಯಾದರೂ ಮೊಳೆಯಲಾರದು. ನಿಧಾನವಿಲ್ಲದ ಕೈಗೆ ಈ ಕೆಲಸ ಒಗ್ಗುವುದಿಲ್ಲ.

ಬೀಜ ಬಿತ್ತಿದರಾಯಿತಲ್ಲ ಎಂದು ನೀವು ಕೇಳಬಹುದು. ಬಿತ್ತಬಹುದು, ಆದರೆ ತಾಯಿಯಂತಹ ಮಗು ಹುಟ್ಟುವುದಿಲ್ಲ. ಬಹುಪಾಲು ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿದ್ದರೆ, ಡೇರೆಯಲ್ಲಿ ಎಂಟು ಕಟ್ಟುಗಳಿವೆ. ಆದುದರಿಂದ ಬೀಜದಿಂದ ಬಂದ ಒಂದೊಂದು ಗಿಡವೂ ಒಂದೊಂದು ಹೊಸ ಬಣ್ಣ, ಹೊಸ ರೂಪು. ದೊಡ್ಡಮ್ಮನ ಕಪ್ಪುಗೆಂಪು ಡೇರೆ ಆ ಗೆಡ್ಡೆಯಿಂದಲೇ ಬರಬೇಕು. ಗೆಡ್ಡೆಯ ವಂಶ ಒಮ್ಮೆ ಕಡಿದರೆ ಆ ಹೂವನ್ನು ಯಾವ ಬೀಜವೂ ಯಾವ ಪುಸ್ತಕವೂ ಮರಳಿ ತಂದುಕೊಡಲಾರದು. ಇವುಗಳಿಗೆ ಪಟ್ಟಿಯಿಲ್ಲ, ದಾಖಲೆಯಿಲ್ಲ. ಯಾರ ಮನೆಯಿಂದ ಬಂದಿತೋ ಅವರ ಮನೆಯ ಹೆಸರೇ ಹೂವಿನ ಹೆಸರು.

ಇಲ್ಲಿಯೇ ನನ್ನ ಚಿಂತೆ ಇರುವುದು. ಆ ಸೀಮೆಯ ಅನೇಕ ಮನೆಗಳಲ್ಲಿ ಈಗ ವೃದ್ಧರಿಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಸಮುದ್ರದಾಚೆಗೂ ಇದ್ದಾರೆ. ಮೂರು ವರ್ಷಗಳ ಕೆಳಗೆ ದೊಡ್ಡಮ್ಮ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಗನ ಮನೆಗೆ ಬಂದವಳು ನಾಲ್ಕು ತಿಂಗಳು ನಿಲ್ಲಬೇಕಾಯಿತು. ಊರಿಗೆ ಹಿಂದಿರುಗಿ ನೋಡಿದಾಗ, ಹೆಂಚು ಸರಿದು ಮಳೆನೀರು ಇಳಿದು, ಬುಟ್ಟಿಯೊಳಗಿನ ಗೆಡ್ಡೆಗಳೆಲ್ಲ ಹಾಳಾಗಿದ್ದುವು. ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಕಪ್ಪುಗೆಂಪೂ ಅದರಲ್ಲಿತ್ತು.

ಆ ವಾರದಲ್ಲಿಯೇ ನೆರೆಮನೆಯಾಕೆ ಒಂದು ಕೊಟ್ಟೆಯಲ್ಲಿ ಮೂರು ಗೆಡ್ಡೆಗಳನ್ನು ತಂದಿಟ್ಟಳು. “ನೀವೇ ಕೊಟ್ಟದ್ದು” ಎಂದಳು. ಕಪ್ಪುಗೆಂಪು ಹೀಗೆ ಮನೆಗೆ ಮರಳಿತು. ಹಳದಿ, ಕೇಸರಿಗಳೂ ಬೇರೆ ಬೇರೆ ಮನೆಗಳಿಂದ ಬಂದುವು. ಬಾರದೆ ಹೋದುದು ಒಂದೇ ಒಂದು: ನೇರಳೆಯ ಎಸಳಿಗೆ ಬಿಳಿಯ ತುದಿಯಿದ್ದ ಹೂವು. ಅದು ಸೀಮೆಯಲ್ಲಿ ತನ್ನೊಬ್ಬಳ ಹತ್ತಿರವೇ ಇರಲಿ ಎಂದು ದೊಡ್ಡಮ್ಮ ಯಾರಿಗೂ ಕೊಟ್ಟಿರಲಿಲ್ಲ. “ಕೊಟ್ಟದ್ದು ಉಳಿಯಿತು, ಇಟ್ಟದ್ದು ಹೋಯಿತು” ಎಂದು ಒಮ್ಮೆ ಹೇಳಿದಳು. ಮತ್ತೆ ಆ ಮಾತನ್ನು ಎತ್ತಲಿಲ್ಲ.

ಈ ಕೊಡುಕೊಳೆ ನಿಂತುಹೋಗಬಾರದು. ಶಿರಸಿಯಲ್ಲಿ ವನಸ್ತ್ರೀ ಎಂಬ ಹೆಂಗಸರ ಸಂಘದವರು ಮಲೆನಾಡು ಮೇಳವೆಂಬ ಹೆಸರಿನಲ್ಲಿ ಮನೆತೋಟದ ಬೀಜ, ಗೆಡ್ಡೆಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ನಗರದಲ್ಲಿರುವ ನಾವೂ ಮಾಡಬಹುದಾದುದಿದೆ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ, ಬೆಳಗಿನ ಬಿಸಿಲು ಬೀಳುವ ಮಾಳಿಗೆಯೊಂದಿದ್ದರೆ, ತಳದಲ್ಲಿ ತೂತಿರುವ ಹನ್ನೆರಡು ಅಂಗುಲದ ಕುಂಡದಲ್ಲಿ ಡೇರೆ ಸೊಗಸಾಗಿ ಬೆಳೆಯುತ್ತದೆ. ಈ ಸಲ ರಜೆಗೆ ಊರಿಗೆ ಹೋದಾಗ ಉಪ್ಪಿನಕಾಯಿಯ ಭರಣಿಯೊಡನೆ ಒಂದು ಗೆಡ್ಡೆಯನ್ನೂ ಕೇಳಿ ತನ್ನಿರಿ. ಕೊರಳು ಮುರಿಯದಂತೆ ತನ್ನಿರಿ. ಯಾರ ಮನೆಯದು, ಯಾವ ಬಣ್ಣದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟಿರಿ. ಎರಡನೆಯ ವರ್ಷ ಗೆಡ್ಡೆ ಮೂರಾದಾಗ, ಎರಡನ್ನು ಕೊಟ್ಟುಬಿಡಿರಿ.

ನನ್ನ ಮಾಳಿಗೆಯ ಮೇಲೆ ಈಗ ಕಪ್ಪುಗೆಂಪಿನ ಎರಡು ಕುಂಡಗಳಿವೆ. ದೊಡ್ಡಮ್ಮ ಕೊಡುವಾಗ ಒಂದು ಷರತ್ತು ಹಾಕಿದ್ದಳು: ತಾನು ಕೇಳಿದಾಗ ಹಿಂದಕ್ಕೆ ಕೊಡಬೇಕು ಎಂದು. ಆಕೆಯ ಸೊಂಟದ ನೋವಿನಿಂದ ಈ ವರ್ಷ ಅಲ್ಲಿಯ ಏರಿ ಸಿದ್ಧವಾಗಿಲ್ಲ. ಮಳೆ ಹಿಡಿಯುವ ಮುಂಚೆ ನಾನೇ ಹೋಗಿ ನೆಟ್ಟು ಬರಬೇಕಾಗಿದೆ. ಐರಿಸ್ ನೆಟ್ಟಿದ್ದ ಜಾಗ ಅಲ್ಲಿ ಬರಿದಾಗಿಯೇ ಇದೆ.