ಚಕ್ರ ಎಲ್ಲಿ ನಿಲ್ಲಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದು ದಿನದ ಸವಾರಿಯನ್ನು ಕುರಿತ ಉಪನ್ಯಾಸದ ಬರಹರೂಪ



ಘಟ್ಟದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಲ್ಲವರು ಗೋಕಾಕವನ್ನು ಪರಸ್ಥಳವೆಂದು ಎಣಿಸಲಾರರು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಅಂಬೋಲಿಯ ಕಾಡಿನಿಂದ ಇಳಿಯುವ ಹಿರಣ್ಯಕೇಶಿ ಸಂಕೇಶ್ವರದ ಮಗ್ಗುಲಲ್ಲಿ ಹಾಯ್ದು, ಬೆಳಗಾವಿಯ ಪಶ್ಚಿಮದ ಗುಡ್ಡಗಳಿಂದ ಹೊರಡುವ ಮಾರ್ಕಂಡೇಯ ಗೊಡಚಿನಮಲ್ಕಿಯ ಕಣಿವೆಯಲ್ಲಿ ಧುಮುಕಿ, ಎರಡೂ ಘಟಪ್ರಭೆಯಲ್ಲಿಯೇ ಒಂದಾಗುತ್ತವೆ. ಮಲೆಯ ನೀರು ಬಯಲಿನ ಬದುಕಾಗುವ ಸೀಮೆಯಿದು. ಆದ್ದರಿಂದ ಅಲ್ಲಿ ಇಂದು ಏಳುವ ಪ್ರಶ್ನೆ ನಾಳೆ ಮಲೆಯ ಹಳ್ಳಿಗಳಲ್ಲಿಯೂ ಏಳುತ್ತದೆ. ಕೆಲವೆಡೆ ಈಗಾಗಲೇ ಎದ್ದಿದೆ.

ಪ್ರಶ್ನೆ ಇಷ್ಟೇ. ಬೆಳಗಿನಿಂದ ಸಂಜೆಯವರೆಗೆ ಒಂದು ದಿನ. ಮುಂದೆ ದಾರಿ ಬಲ್ಲ ಒಬ್ಬ ಮಾರ್ಗದರ್ಶಿ, ಹಿಂದೆ ಹತ್ತು ಹನ್ನೆರಡು ಮೋಟಾರು ಸೈಕಲ್ಲುಗಳು. ಡಾಂಬರು ಬಿಟ್ಟು ಕಚ್ಚಾ ದಾರಿಯ ಸವಾರಿ, ನಡುವೆ ಊರಿನ ಊಟ, ಜಲಪಾತ, ಗುಡಿ, ಜನಪದ ಆಟ. ಇಂಥ ಪ್ರವಾಸ ಹಳ್ಳಿಗೆ ಬಂದಾಗ ಅದನ್ನು ಸ್ವಾಗತಿಸಬೇಕೋ ತಡೆಯಬೇಕೋ? ಪರಿಸರದ ಕಾಳಜಿಯುಳ್ಳವರು ಥಟ್ಟನೆ ‘ತಡೆಯಬೇಕು’ ಎನ್ನುತ್ತಾರೆ. ಉದ್ಯೋಗವಿಲ್ಲದ ಊರಿನ ತರುಣರು ‘ಬರಲಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ಇಬ್ಬರೂ ಒಂದು ಪದವನ್ನು ಬಿಡಿಸಿ ನೋಡಿಲ್ಲ.

‘ಆಫ್‌ರೋಡ್’ ಎಂಬ ಪದದಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಡಾಂಬರಿಲ್ಲದ, ಆದರೆ ತಲೆಮಾರುಗಳಿಂದ ಎತ್ತು, ಚಕ್ಕಡಿ, ಟ್ರ್ಯಾಕ್ಟರುಗಳು ಓಡಾಡಿದ ದಾರಿಯಲ್ಲಿ ಸಾಗುವುದು ಒಂದು. ದಾರಿಯೇ ಇಲ್ಲದ ಮಡ್ಡಿ, ಹುಲ್ಲುಗಾವಲು, ಹಳ್ಳದ ಪಾತ್ರಗಳ ಮೇಲೆ ಚಕ್ರ ಹಾಯಿಸಿ ಹೊಸ ದಾರಿ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಹಾನಿ ಅಲ್ಪ, ಅದಕ್ಕೆ ಕಟ್ಟುಪಾಡು ಹಾಕಬಹುದು. ಎರಡನೆಯದರಲ್ಲಿ ಆದ ಹಾನಿ ಸುಲಭವಾಗಿ ಮಾಯುವುದಿಲ್ಲ. ದಾರಿ ಇರುವಲ್ಲಿ ಚಕ್ರ, ದಾರಿ ಇಲ್ಲದಲ್ಲಿ ಕಾಲು: ಈ ಉಪನ್ಯಾಸದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಮಡ್ಡಿಯೆಂದರೆ ಸರ್ಕಾರದ ದಾಖಲೆಗಳಲ್ಲಿ ಹಲವೊಮ್ಮೆ ಬಂಜರು, ಪಾಳು. ಸವಾರನ ಕಣ್ಣಿಗೂ ಅದು ಯಾರಿಗೂ ಬೇಡವಾದ ಖಾಲಿ ಮೈದಾನ. ಕುರಿಗಾರನ ಕಣ್ಣಿಗೆ ಮಾತ್ರ ಅದು ಮೇವಿನ ಕಣಜ. ಗೋಕಾಕದ ಸುತ್ತಲಿನ ಮರಳುಗಲ್ಲಿನ ಗುಡ್ಡಗಳ ಮೇಲೆ ಮಣ್ಣಿನ ಪದರ ಬಲು ತೆಳುವು. ಮುಳ್ಳುಕಂಟಿ, ಕುರುಚಲು ಗಿಡ, ಹುಲ್ಲಿನ ಬೇರುಗಳು ಆ ಮಣ್ಣನ್ನು ಹಿಡಿದು ನಿಲ್ಲಿಸಿವೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬೇಸಿಗೆಯಿಂದ ಮಳೆಗಾಲದವರೆಗೆ ಬರಿ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ನಡೆಯುವವನು ಹಕ್ಕಿಯ ಕೂಗಿಗೆ ನಿಂತು ನೋಡಿಯಾನು. ವೇಗದ ಚಕ್ರಕ್ಕೆ ಆ ಕೂಗು ಕೇಳಿಸದು. ಇಳಿಜಾರಿನಲ್ಲಿ ಹತ್ತು ಗಾಡಿಗಳು ಒಂದೇ ಗೆರೆಯಲ್ಲಿ ಏರಿ ಇಳಿದರೆ ಆ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಮಣ್ಣು ಕೆಳಗಿನ ಹೊಲಕ್ಕೋ ಕೆರೆಗೋ ಹೋಗುತ್ತದೆ, ಗುಡ್ಡದ ಮೇಲೆ ಕಲ್ಲು ಉಳಿಯುತ್ತದೆ.

ಮಣ್ಣು ಸಡಿಲವಾದ ಗುಡ್ಡ ಎಷ್ಟು ಅಪಾಯಕರವೆಂಬುದನ್ನು ಗೋಕಾಕ ಕಣ್ಣಾರೆ ಕಂಡಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹ ಊರಿನೊಳಗೆ ನುಗ್ಗಿತು. ಅದೇ ಅಕ್ಟೋಬರ್‌ನ ಮಳೆಯಲ್ಲಿ ಊರ ಮೇಲಿನ ಮಲ್ಲಿಕಾರ್ಜುನ ಗುಡ್ಡದ ಭಾರೀ ಬಂಡೆಗಳು ಜಾರುವ ಭೀತಿ ಹುಟ್ಟಿ, ಕೆಳಗಿನ ಮನೆಗಳವರು ಆತಂಕದಲ್ಲಿ ದಿನ ಕಳೆದರು. ಅದಕ್ಕೆ ಮೋಟಾರು ಸೈಕಲ್ಲುಗಳು ಕಾರಣವಲ್ಲ, ಮಳೆ ಕಾರಣ. ಆದರೆ ಮಳೆಯೇ ಇಷ್ಟು ಮಾಡಬಲ್ಲ ಗುಡ್ಡಗಳಲ್ಲಿ ಮನುಷ್ಯನು ಮೋಜಿಗಾಗಿ ಹೊಸ ಗೀರುಗಳನ್ನು ಎಳೆಯಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಹಾಗಾದರೆ ಸವಾರಿ ಎಲ್ಲಿ? ಈ ಮೂರು ತಾಲೂಕುಗಳಲ್ಲಿ ದಾರಿಗೆ ಬರವಿಲ್ಲ. ಹೊಲದಿಂದ ಹೊಲಕ್ಕೆ ಚಕ್ಕಡಿ ದಾರಿಗಳಿವೆ, ಊರಿನಿಂದ ಊರಿಗೆ ಮಣ್ಣಿನ ರಸ್ತೆಗಳಿವೆ, ಕಾಲುವೆಗಳ ಏರಿಯ ಮೇಲೆ ನೀರಾವರಿ ಇಲಾಖೆಯ ದಾರಿಗಳಿವೆ. ಇಲಾಖೆಯ ದಾರಿಗೆ ಇಲಾಖೆಯ ಅನುಮತಿ, ಹೊಲದ ದಾರಿಗೆ ರೈತನ ಒಪ್ಪಿಗೆ ಪಡೆದು ಸಾಗುವ ಸವಾರಿಗೆ ಧೂಳು, ತಿರುವು, ಕಲ್ಲು, ಹಳ್ಳ ಯಾವುದಕ್ಕೂ ಕೊರತೆಯಾಗದು. ಸವಾರನ ಕೌಶಲಕ್ಕೆ ಅಷ್ಟು ಸಾಕು.

ಇಲ್ಲಿ ಕಾಲದ ವಿವೇಕವೂ ಬೇಕು. ಜಲಪಾತ ತುಂಬಿ ಧುಮುಕುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಎರೆಮಣ್ಣಿನ ದಾರಿ ಕೆಸರಾಗಿ ಚಕ್ರ ಹೂಳುವುದೂ ಅದೇ ತಿಂಗಳುಗಳಲ್ಲಿ. ಹಸಿ ಎರೆಯಲ್ಲಿ ಬಿದ್ದ ಚಕ್ರದ ಜಾಡು ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಅದರಲ್ಲಿ ಎಡವುವುದು ರೈತನ ಎತ್ತು. ಆದ್ದರಿಂದ ಮಳೆಗಾಲದಲ್ಲಿ ಜಲಪಾತಕ್ಕೆ ಡಾಂಬರು ರಸ್ತೆಯಲ್ಲಿ ಹೋಗುವುದೂ, ಚಳಿಗಾಲದಲ್ಲಿ ಕಚ್ಚಾ ದಾರಿ ಹಿಡಿಯುವುದೂ ಲೇಸು. ಚಳಿಗಾಲವೆಂದರೆ ಕಬ್ಬಿನ ಕಟಾವಿನ ಕಾಲವೂ ಹೌದು. ಕಬ್ಬು ಹೇರಿದ ಟ್ರ್ಯಾಲಿಗಳಿಗೆ ದಾರಿ ಬಿಡುವುದು, ಕತ್ತಲಾಗುವ ಮುನ್ನ ಸವಾರಿ ಮುಗಿಸುವುದು, ತಲೆಗೆ ಹೆಲ್ಮೆಟ್ ಧರಿಸುವುದು, ಊರೊಳಗೆ ನಡಿಗೆಯ ವೇಗದಲ್ಲಿ ಸಾಗುವುದು ಮಾರ್ಗದರ್ಶಿಯ ಮೊದಲ ಪಾಠವಾಗಬೇಕು.

ಇನ್ನು ಚಕ್ರ ನಿಲ್ಲಬೇಕಾದ ಜಾಗಗಳು. ಘಟಪ್ರಭೆಗೆ 19ನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಬಳಿ ಅಡ್ಡಗಟ್ಟೆ ಕಟ್ಟಿದರು. ಅಲ್ಲಿ ನಿಂತ ನೀರಿನ ಸುತ್ತ 1974ರಲ್ಲಿ 29.78 ಚದರ ಕಿಲೋಮೀಟರ್ ಪ್ರದೇಶ ಪಕ್ಷಿಧಾಮವೆಂದು ಘೋಷಿತವಾಯಿತು. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳ ವಲಸೆ ಹಕ್ಕಿಗಳು ಇಲ್ಲಿಗೆ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದ ಪ್ರವೇಶಕ್ಕೆ ಅನುಮತಿ ಬೇಕು. ಕಾಯ್ದೆಯ ಮಾತು ಹಾಗಿರಲಿ, ಸಾವಿರಾರು ಮೈಲಿ ಹಾರಿ ಬಂದು ದಣಿವಾರಿಸಿಕೊಳ್ಳುವ ಅತಿಥಿಯ ಮುಂದೆ ಎಂಜಿನ್ ಮೊರೆಸುವುದು ಯಾವ ಸಂಸ್ಕೃತಿ? ಗಾಡಿಗಳು ದೂರದಲ್ಲಿಯೇ ನಿಲ್ಲಬೇಕು. ಮುಂದಿನದು ಕಾಲ್ನಡಿಗೆ ಮತ್ತು ಮೌನ.

ಗೋಕಾಕ ಜಲಪಾತದಲ್ಲಿ ನದಿ ಸುಮಾರು 52 ಮೀಟರ್ ಆಳಕ್ಕೆ, ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಧುಮುಕುತ್ತದೆ. ಮೇಲೆ ಸುಮಾರು 201 ಮೀಟರ್ ಉದ್ದದ ತೂಗುಸೇತುವೆ, ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಪಕ್ಕದಲ್ಲಿ 19ನೆಯ ಶತಮಾನದಿಂದ ಈ ನೀರಿನ ಬಲದ ಮೇಲೆ ನೂಲು ತೆಗೆದ ಗಿರಣಿ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಎರಡು ತಾಸಾದರೂ ಬೇಕು; ಒಂದು ಛಾಯಾಚಿತ್ರಕ್ಕೆ ಎರಡು ನಿಮಿಷ ಸಾಕು. ಪ್ರವಾಸ ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿರ್ಧಾರವಾಗುತ್ತದೆ. ಸಮೀಪದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲಿನ ಸಮಾಧಿಗಳಿವೆ. ನೋಡದವರಿಗೆ ಅವು ಅಡ್ಡಾದಿಡ್ಡಿ ಬಿದ್ದ ಚಪ್ಪಡಿಗಳು. ಚಕ್ರ ಹಾರಿಸಲು ಹೇಳಿ ಮಾಡಿಸಿದಂತಹ ದಿಬ್ಬಗಳು. ಮಾರ್ಗದರ್ಶಿಯ ಅವಶ್ಯಕತೆ ಇರುವುದು ಇಂಥಲ್ಲಿ. ದಾರಿ ತೋರುವವನು ಎಷ್ಟೋ ಮಂದಿ ಸಿಕ್ಕಾರು. ಎಲ್ಲಿ ಕಾಲಿಡಬಾರದೆಂದು ಹೇಳುವವನೇ ನಿಜವಾದ ಮಾರ್ಗದರ್ಶಿ.

ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆಯಾಗಿ ಹೊಸ ತಾಲೂಕಾಯಿತು. ಅದರ ಸಂಸ್ಕೃತಿ ಮಾತ್ರ ಹಳೆಯದು. ಕುಲಗೋಡ ಮತ್ತು ಕೌಜಲಗಿ ಈ ಭಾಗದ ಊರುಗಳು. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಹಾಡಿ ಕುಣಿದು ನಾಡಿನಲ್ಲೆಲ್ಲ ಹೆಸರಾದ ಕೌಜಲಗಿ ನಿಂಗಮ್ಮ, ಇಬ್ಬರ ಹೆಸರಿನಲ್ಲಿಯೂ ಊರೇ ಮುಂದಿದೆ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಸಂದದ್ದಕ್ಕೆ ಸತ್ಯಭಾಮೆ ಮುನಿಯುವ ಈ ಆಟ ರಾತ್ರಿ ಮೊದಲಾಗಿ ಬೆಳಗಿನವರೆಗೆ ನಡೆಯುವಂಥದು. ಒಂದು ದಿನದ ಪ್ರವಾಸದಲ್ಲಿ ಅದನ್ನು ಊಟದ ನಡುವಿನ ಹತ್ತು ನಿಮಿಷದ ಮನರಂಜನೆಯಾಗಿ ಇಳಿಸಿದರೆ ಗುಡ್ಡಕ್ಕೆ ಗೀರು ಬಿದ್ದಂತೆಯೇ ಕಲೆಗೂ ಗೀರು ಬೀಳುತ್ತದೆ. ಒಂದೇ ಸನ್ನಿವೇಶವಾದರೂ ಸರಿ, ಅದನ್ನು ಪೂರ್ತಿ ಆಡಲು ಬಿಡಬೇಕು. ಅದರ ಅರ್ಥವನ್ನು ಕಲಾವಿದರೇ ವಿವರಿಸಬೇಕು. ಸಂಭಾವನೆ ಮೊದಲೇ ಗೊತ್ತಾಗಿ ಅವರ ಕೈಗೇ ಸೇರಬೇಕು. ಊಟವೂ ಹಾಗೆಯೇ. ರೊಟ್ಟಿ, ಝುಣಕ, ಎಣಗಾಯಿ, ಶೇಂಗಾ ಹಿಂಡಿ ಊರಿನ ಹೆಣ್ಣುಮಕ್ಕಳ ಸಂಘದ ಒಲೆಯಿಂದ ಬರಲಿ. ಬೆಲ್ಲ, ಒಣಹಣ್ಣು, ಕರಿದ ಅಂಟುಗಳಿಂದಾದ ಕರದಂಟು, ಹಣ್ಣು ತರಕಾರಿಗಳ ಆಕಾರದ ಮರದ ಗೊಂಬೆ ಗೋಕಾಕದ ಕೈಗಳಿಂದಲೇ ಕೊಂಡದ್ದಾಗಲಿ.

ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ, 16ನೆಯ ಶತಮಾನದ ಗುಮ್ಮಟಗಳಿವೆ. ಅದೇ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ರಾಜಾ ಲಖಮಗೌಡ ಜಲಾಶಯವಿದೆ. ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ ಸಾವಿರಾರು ಹೊಲಗಳಿಗೆ ನೀರುಣಿಸಿದೆ, ಹಲವು ಊರುಗಳನ್ನು ಮುಳುಗಿಸಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಮತ್ತೆ ತಲೆಯೆತ್ತುತ್ತದೆ. ಒಣಗಿ ಬಿರಿದ ಆ ವಿಶಾಲ ನೆಲ ಸವಾರನನ್ನು ಕೈಮಾಡಿ ಕರೆಯುತ್ತದೆ. ಆದರೆ ಅದು ಮೈದಾನವಲ್ಲ. ಯಾರದೋ ಮನೆಯ ಬುನಾದಿ, ಯಾರದೋ ಹೊಲದ ಬದು, ಯಾರದೋ ದೇವರು. ಅಲ್ಲಿಯೂ ಚಕ್ರ ದಡದಲ್ಲಿ ನಿಂತು, ಕಾಲು ಮುಂದೆ ಹೋಗಬೇಕು.

ಇಷ್ಟೆಲ್ಲವೂ ಒಂದೇ ದಿನದಲ್ಲಿ ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯವಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಮೂರು ತಾಲೂಕುಗಳನ್ನು ಒಂದು ಹಗಲಿನಲ್ಲಿ ಸುತ್ತಿದರೆ ಅದು ಓಟವಾಗುತ್ತದೆ, ನೋಟವಾಗದು. ಓಟಕ್ಕೆ ಅವಸರ, ಅವಸರಕ್ಕೆ ಅಡ್ಡದಾರಿ, ಅಡ್ಡದಾರಿಗೆ ಮಡ್ಡಿ ಬಲಿ. ಒಂದು ದಿನಕ್ಕೆ ಒಂದು ತಾಲೂಕು, ಬೇಕಿದ್ದವರು ಮತ್ತೆ ಬರಲಿ ಎಂಬ ನಿಯಮದಿಂದ ನೆಲಕ್ಕೂ ಒಳಿತು, ಊರಿಗೂ ಲಾಭ. ಮತ್ತೆ ಬರುವ ಅತಿಥಿಯೇ ಊರನ್ನು ಅರಿಯುವ ಅತಿಥಿ.

ಇದನ್ನೆಲ್ಲ ನಡೆಸುವವರು ಯಾರು? ಹೊರಗಿನ ನಗರದಲ್ಲಿ ಹಣ ಪಡೆದು, ಹಳ್ಳಿಯಲ್ಲಿ ಧೂಳು ಬಿಟ್ಟು ಹೋಗುವ ಪ್ರವಾಸದಿಂದ ಹಳ್ಳಿಗೆ ದಕ್ಕುವುದು ಧೂಳು ಮಾತ್ರ. ಊರವರಿಗೆ ಇದನ್ನು ನಡೆಸುವ ಶಕ್ತಿಯಿಲ್ಲ ಎನ್ನುವವರು ಹುಕ್ಕೇರಿಯತ್ತ ಒಮ್ಮೆ ತಿರುಗಿ ನೋಡಬೇಕು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ವಿದ್ಯುತ್ ವಿತರಣೆಯಂತಹ ಜಟಿಲ ಕೆಲಸವನ್ನು ತಾಲೂಕಿನ ಬಳಕೆದಾರರೇ ಸದಸ್ಯರಾದ ಸಂಘ ಹೊತ್ತುಕೊಂಡಿತು. ತಂತಿ ಎಳೆದು ಮನೆಮನೆಗೆ ಬೆಳಕು ಮುಟ್ಟಿಸಿದ ಸೀಮೆಗೆ ಹತ್ತು ಸವಾರರಿಗೆ ದಾರಿ ತೋರುವುದು ಹೊರೆಯಾಗಲಾರದು. ಗ್ರಾಮ ಸಭೆ ಕುಳಿತು ಯಾವ ದಾರಿ, ಯಾವ ತಿಂಗಳು, ಎಷ್ಟು ಗಾಡಿ, ಎಷ್ಟು ಶುಲ್ಕ ಎಂಬುದನ್ನು ಬರೆದಿಡಲಿ. ಶುಲ್ಕದ ಒಂದು ಪಾಲು ದಾರಿಯ ದುರಸ್ತಿಗೆ, ಒಂದು ಪಾಲು ಗೋಮಾಳದ ರಕ್ಷಣೆಗೆ ಮೀಸಲಾಗಲಿ. ಆ ಸಭೆಯಲ್ಲಿ ಕುರಿಗಾರರ ಮಾತೂ ದಾಖಲಾಗಲಿ. ಮಡ್ಡಿಯನ್ನು ದಿನವೂ ತುಳಿಯುವವರು ಅವರು.

ಮೊದಲೇ ನಿಯಮ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಮಲೆನಾಡೇ ಸಾಕ್ಷಿ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಗೇ ಮುಗಿಬಿದ್ದರು. ಅದರ ಬೆನ್ನಲ್ಲೇ ಮುಂಗಡ ನೋಂದಣಿಯ ವ್ಯವಸ್ಥೆ ಆಗುವವರೆಗೆ ರಾಜ್ಯದ ಚಾರಣಗಳಿಗೆ ಸರ್ಕಾರ ತಡೆ ಹಾಕಬೇಕಾಯಿತು. ಅಲ್ಲಿ ಹೋದದ್ದು ಬರಿ ಕಾಲುಗಳು. ಕಾಲಿಗೇ ಮಿತಿ ಬೇಕಾದ ಬೆಟ್ಟದಲ್ಲಿ ಚಕ್ರಕ್ಕೆ ಮಿತಿ ಬೇಡವೇ? ಜನ ಸೇರಿದ ಮೇಲೆ ಮೇಲಿನಿಂದ ಬರುವ ನಿಷೇಧ ತಪ್ಪು ಮಾಡಿದವನನ್ನೂ ಮಾಡದವನನ್ನೂ ಒಟ್ಟಿಗೆ ಹೊರಗಿಡುತ್ತದೆ. ಊರಿನ ಮಾರ್ಗದರ್ಶಿಯ ಅನ್ನವೂ ಅದರೊಡನೆ ಹೋಗುತ್ತದೆ. ಜನ ಸೇರುವ ಮುನ್ನ ಊರೇ ಮಾಡಿಕೊಂಡ ಕಟ್ಟುಪಾಡು ಗುಡ್ಡವನ್ನೂ ಅನ್ನವನ್ನೂ ಉಳಿಸುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ತಂತಮ್ಮ ಊರಿನ ನಕ್ಷೆ ಬರೆಯಬೇಕು. ಎತ್ತಿನ ಗಾಡಿ ಹೋಗುವ ದಾರಿಗೆ ಒಂದು ಬಣ್ಣ, ದನಕರು ಮಾತ್ರ ಹೋಗುವ ದಾರಿಗೆ ಇನ್ನೊಂದು, ಯಾರೂ ಹೋಗಬಾರದ ಜಾಗಕ್ಕೆ ಮತ್ತೊಂದು. ಹಕ್ಕಿ ಮೊಟ್ಟೆಯಿಡುವ ನೆಲ, ಒರತೆಯ ತಲೆ, ದೇವರ ಬನ, ಹಳೆಯ ಕಲ್ಲು ಎಲ್ಲವೂ ಅದರಲ್ಲಿರಲಿ. ಮನೆಯ ಹಿರಿಯರನ್ನು ಕೇಳಿದರೆ ಅರ್ಧ ನಕ್ಷೆ ಒಂದೇ ಸಂಜೆಯಲ್ಲಿ ಸಿದ್ಧವಾಗುತ್ತದೆ. ಮೊದಲ ಮೋಟಾರು ಸೈಕಲ್ ಊರ ಅಗಸೆಗೆ ಬಂದು ನಿಂತ ದಿನ ಆ ನಕ್ಷೆ ಪಂಚಾಯಿತಿಯ ಗೋಡೆಯ ಮೇಲಿರಬೇಕು. ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಅಂದು ಬಂದವನು ಹೇಳಬಾರದು, ಊರು ಹೇಳಬೇಕು.